ಘುರ್ಯೆಯವರ ಕುರ್ಚಿ, ದೇವನಾರಿನ ನೋಟಿಸು

2024ರ ಜೂನ್ 28. ಮುಂಬೈ ಉಪನಗರ ದೇವನಾರಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ತನ್ನ ನಾಲ್ಕು ಕ್ಯಾಂಪಸ್‌ಗಳ 55 ಮಂದಿ ಅಧ್ಯಾಪಕರಿಗೆ ಮತ್ತು ಸುಮಾರು 60 ಮಂದಿ ಇತರ ಸಿಬ್ಬಂದಿಗೆ ಕೆಲಸ ಮುಗಿಯಿತೆಂದು ನೋಟಿಸು ಕೊಟ್ಟಿತು. ಗುತ್ತಿಗೆಯ ಮೇಲಿದ್ದ ಇವರಲ್ಲಿ ಹಲವರು ಹತ್ತು ವರ್ಷಕ್ಕೂ ಮೀರಿ ದುಡಿದವರು. ಸಂಬಳಕ್ಕೆ ಆಧಾರವಾಗಿದ್ದ ಟಾಟಾ ಎಜುಕೇಶನ್ ಟ್ರಸ್ಟಿನ ಅನುದಾನ ಮುಂದುವರಿದಿರಲಿಲ್ಲ. ದೇಶದಾದ್ಯಂತ ಗದ್ದಲವೆದ್ದಿತು. ಹಣ ಕೊಡುವುದಾಗಿ ಟ್ರಸ್ಟು ಹೇಳಿದ ಮೇಲೆ ಜೂನ್ 30ರಂದು ಸಂಸ್ಥೆ ನೋಟಿಸನ್ನು ಹಿಂತೆಗೆದುಕೊಂಡಿತು. ಆದರೆ ಅಷ್ಟರಿಂದ ಯಾರ ಕೆಲಸವೂ ಕಾಯಂ ಆಗಲಿಲ್ಲ.

ಅದಕ್ಕೆ ನೂರು ವರ್ಷ ಹಿಂದೆ, 1924ರಲ್ಲಿ, ಇದೇ ನಗರದಲ್ಲಿ ಜಿ.ಎಸ್. ಘುರ್ಯೆ ಬಾಂಬೆ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಪ್ಯಾಟ್ರಿಕ್ ಗೆಡೆಸ್ 1919ರಲ್ಲಿ ಆರಂಭಿಸಿದ ವಿಭಾಗವದು. ಮಾಲವಣದಲ್ಲಿ ಹುಟ್ಟಿದ ಘುರ್ಯೆ ಕೇಂಬ್ರಿಡ್ಜಿನಲ್ಲಿ ಮಾನವಶಾಸ್ತ್ರಜ್ಞ ರಿವರ್ಸ್ ಅವರ ಶಿಷ್ಯರಾಗಿದ್ದವರು. 1959ರಲ್ಲಿ ನಿವೃತ್ತರಾಗುವವರೆಗೆ, 35 ವರ್ಷ, ಆ ಕುರ್ಚಿ ಅವರದೇ ಆಗಿತ್ತು. ಇರಾವತಿ ಕರ್ವೆ, ಎ.ಆರ್. ದೇಸಾಯಿ, ನಮ್ಮ ಮೈಸೂರಿನ ಎಂ.ಎನ್. ಶ್ರೀನಿವಾಸ್ ಎಲ್ಲರೂ ಅಲ್ಲಿ ಕಲಿತವರು.

ಇದಕ್ಕೆ ಇನ್ನೊಂದು ಮುಖವೂ ಇತ್ತು. ಒಬ್ಬರೇ ಅಷ್ಟು ಕಾಲ ಕೂತಾಗ ವಿಭಾಗದ ರುಚಿ, ಅಭಿರುಚಿಗಳೆಲ್ಲ ಅವರವೇ ಆಗುತ್ತವೆ. ಆದರೂ ಶಿಷ್ಯರು ಗುರುವಿನ ಪಡಿಯಚ್ಚಾಗಲಿಲ್ಲ. ದೇಸಾಯಿ ಮಾರ್ಕ್ಸ್‌ವಾದಿಯಾದರು. ಘುರ್ಯೆ ಗ್ರಂಥ ಮತ್ತು ಇತಿಹಾಸದ ಕಡೆ ವಾಲಿದವರು. ಶ್ರೀನಿವಾಸ್ ಹಳ್ಳಿಯಲ್ಲೇ ಇದ್ದು ಕಣ್ಣಾರೆ ನೋಡುವ ದಾರಿ ಹಿಡಿದರು.

ಆ ದಾರಿಗೆ ಬೇಕಾದದ್ದು ಬಿಡುವು. ಆಕ್ಸ್‌ಫರ್ಡಿನಲ್ಲಿ ಶ್ರೀನಿವಾಸರಿಗೆ ಉಪನ್ಯಾಸಕ ಹುದ್ದೆ ಸಿಕ್ಕಾಗ, ಮೊದಲ ವರ್ಷವನ್ನು ಹಳ್ಳಿಯಲ್ಲಿ ಕಳೆಯಲು ಇವಾನ್ಸ್-ಪ್ರಿಚರ್ಡ್ ಒಪ್ಪಿದರು. 1948ರಲ್ಲಿ ಶ್ರೀನಿವಾಸ್ ಮೈಸೂರು ಬಳಿಯ ಹಳ್ಳಿಯೊಂದರಲ್ಲಿ ತಂಗಿದರು. ಬರಹದಲ್ಲಿ ಅದಕ್ಕೆ 'ರಾಂಪುರ' ಎಂದು ಹೆಸರಿಟ್ಟರು. 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿ ಬಿದ್ದು ಅವರ ಟಿಪ್ಪಣಿಗಳು ಸುಟ್ಟುಹೋದವು. ನೆನಪನ್ನೇ ನೆಚ್ಚಿ ಬರೆದ ಪುಸ್ತಕ ಹೊರಬಂದದ್ದು 1976ರಲ್ಲಿ. ಹಳ್ಳಿಗೆ ಹೋದದ್ದಕ್ಕೂ ಪುಸ್ತಕಕ್ಕೂ ನಡುವೆ 28 ವರ್ಷ.

ಕಾಯಂ ಕೆಲಸವೆಂದರೆ ಮೇಷ್ಟರಿಗೆ ಸಿಗುವ ಸುಖವೆಂದೇ ನಾವು ಮಾತಾಡುತ್ತೇವೆ. ಆ ಕೆಲಸದಿಂದ ಹುಟ್ಟುವ ವಿದ್ಯೆಗೆ ಎಷ್ಟು ಕಾಲ ಬೇಕೆಂದು ಲೆಕ್ಕ ಹಾಕುವುದಿಲ್ಲ. ಗುತ್ತಿಗೆ ನವೀಕರಣವಾಗುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿರುವವರು ಯಾವ ಹಳ್ಳಿಗೆಂದು ಹೋಗಿ ವರ್ಷಗಟ್ಟಲೆ ಕೂತಾರು? ದೇವನಾರಿನ ನೋಟಿಸು ಎರಡೇ ದಿನಕ್ಕೆ ವಾಪಸಾಯಿತು; ಈ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ.