ಚರ್ಚಿನ ಆವರಣದ ಬೀದಿದೀಪ: ಒಂದು ಸಾಕ್ಷ್ಯವಿಚಾರ

ಹಳೆಯ ಚರ್ಚಿನ ಆವರಣದಲ್ಲಿ ಎರಕದ ಕಬ್ಬಿಣದ ದೀಪದ ಕಂಬವೊಂದು ಕಂಡಾಗ, ಅದನ್ನೂ ಚರ್ಚಿನಷ್ಟೇ ಪ್ರಾಚೀನವೆಂದು ಭಾವಿಸುವುದು ಸಹಜ. ಆದರೆ ಕಟ್ಟಡದ ಸಾಕ್ಷ್ಯವೂ ಕಂಬದ ಸಾಕ್ಷ್ಯವೂ ಒಂದೇ ಬಗೆಯವಲ್ಲ. ನಮ್ಮ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಮಿಷನರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿಸಿದ ಚರ್ಚನ್ನೇ ನೋಡಬಹುದು. ಹೇಮಾವತಿ ಜಲಾಶಯದಿಂದಾಗಿ ಜನರು ಊರು ಬಿಟ್ಟರೂ ಅದರ ಭಗ್ನಾವಶೇಷವು ತನ್ನ ಮೂಲಸ್ಥಾನವನ್ನು ಬಿಟ್ಟು ಕದಲಿಲ್ಲ. ದೀಪದ ಕಂಬವನ್ನಾದರೋ ಒಂದೆಡೆಯಿಂದ ಕಿತ್ತು ಮತ್ತೊಂದೆಡೆ ನೆಡಬಹುದು. ಆದುದರಿಂದ ಅದು ನಿಂತಿರುವ ಸ್ಥಳವೊಂದೇ ಅದರ ಕಾಲವನ್ನು ನಿರ್ಣಯಿಸಲಾರದು.

ಕಂಬದ ರಚನೆಯನ್ನು ಮೊದಲು ಪರಿಶೀಲಿಸಬೇಕು. ದೀಪದ ಗೂಡಿನ ಕೆಳಗೆ ಅಡ್ಡಪಟ್ಟಿಯಿದ್ದರೆ, ಅದು ದೀಪ ಹಚ್ಚುವವನು ಏಣಿ ಒರಗಿಸುತ್ತಿದ್ದ ಕಾಲವನ್ನು ಸೂಚಿಸುತ್ತದೆ. ಸಂಜೆ ಎಣ್ಣೆ ತುಂಬಿ, ಬತ್ತಿ ಸರಿಪಡಿಸಿ, ಬೀದಿಬೀದಿಗೆ ಬೆಳಕನ್ನಿತ್ತ ಆ ಕೆಲಸಗಾರರ ಶ್ರಮಕ್ಕೆ ಇಂಥ ಪಟ್ಟಿಯೇ ಉಳಿದಿರುವ ಶಾಸನ. ಇಂಥ ಕಂಬಗಳಿಗೆ ಮುಂದೆ ವಿದ್ಯುತ್ತನ್ನು ಜೋಡಿಸಿದುದೂ ಉಂಟು. ಹಾಗಾಗಿ ಬಲ್ಬನ್ನು ನೋಡಿ ಕಂಬದ ವಯಸ್ಸನ್ನು ಹೇಳಲಾಗದು.

ನಮ್ಮಲ್ಲಿ ಹಳೆಯ ದೀಪವೆಂದೊಡನೆ ೧೯೦೫ನೆಯ ಇಸವಿಯ ಆಗಸ್ಟ್ ೫ ನೆನಪಾಗುತ್ತದೆ. ಅಂದು ಬೆಂಗಳೂರು ನಗರದ ಬೀದಿಗಳಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಳಗಿತು. ಇದನ್ನು ಏಷ್ಯಾದಲ್ಲೇ ಮೊದಲನೆಯದೆಂದು ಹೇಳುವ ವಾಡಿಕೆಯಿದೆ. ಅದು ನಿಲ್ಲುವ ಮಾತಲ್ಲ. ಟೋಕಿಯೋವಿನ ಗಿಂಜಾ ಬೀದಿಯಲ್ಲಿ ೧೮೮೨ರಲ್ಲಿಯೇ ವಿದ್ಯುದ್ದೀಪ ಉರಿದಿತ್ತು. ಡಾರ್ಜಿಲಿಂಗಿನಲ್ಲಿ ೧೮೯೭ರಲ್ಲಿಯೇ ಜಲವಿದ್ಯುತ್ ಕೇಂದ್ರ ಆರಂಭವಾಗಿತ್ತು.

ಇನ್ನೊಂದು ಎಚ್ಚರವೂ ಅಗತ್ಯ. ಸೇಂಟ್ ಮಾರ್ಕ್ಸ್, ಟ್ರಿನಿಟಿ ಮೊದಲಾದ ಚರ್ಚುಗಳಿರುವ ದಂಡುಪ್ರದೇಶವು ೧೮೮೧ರ ನಂತರವೂ ಬ್ರಿಟಿಷರ ಆಡಳಿತದಲ್ಲಿಯೇ ಉಳಿದಿತ್ತು. ಅದರ ಪುರಸಭೆ ಬೇರೆ, ನಗರದ ಪುರಸಭೆ ಬೇರೆ. ಎರಡೂ ಒಂದಾದುದು ೧೯೪೯ರಲ್ಲಿ. ಆದಕಾರಣ ದಂಡಿನ ಚರ್ಚಿನ ಕಂಬಕ್ಕೆ ನಗರದ ತಾರೀಖನ್ನು ಅಂಟಿಸುವುದು ಸಾಧುವಲ್ಲ.

ಇದರಿಂದ ಮೈಸೂರು ಸಂಸ್ಥಾನದ ಕೀರ್ತಿಗೆ ಕುಂದೇನೂ ಇಲ್ಲ. ೧೯೦೨ರಲ್ಲಿ ಕಾವೇರಿಯ ಶಕ್ತಿಯನ್ನು ಸುಮಾರು ೧೪೭ ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಒಯ್ದುದು ಅಂದಿನ ಲೋಕದಲ್ಲಿಯೇ ವಿರಳವಾದ ಸಾಧನೆ. ನಿಜವಾದ ಹಿರಿಮೆ ಇರುವಾಗ ಸುಳ್ಳು ಹಿರಿಮೆಯ ಆಸರೆ ಬೇಕಿಲ್ಲ. ವಿದ್ಯಾರ್ಥಿಗಳು ತಮ್ಮ ಊರಿನ ಹಳೆಯ ಕಂಬವನ್ನು ಕಂಡಾಗ ಅದರ ಬುಡದಲ್ಲಿ ಎರಕಶಾಲೆಯ ಗುರುತಿದೆಯೇ ಎಂದು ನೋಡಲಿ, ಪುರಸಭೆಯ ದಫ್ತರವನ್ನು ಹುಡುಕಲಿ. ಆ ಬಳಿಕವಷ್ಟೇ ಇಸವಿಯನ್ನು ಬರೆಯಲಿ.