ಹೈದರ್ ಅಲಿ: ಪುನರ್‌ದಫನು

ಮೈಸೂರನ್ನು ಆಳಿದ ನವಾಬ್ ಹೈದರ್ ಅಲಿಯ ದೇಹವನ್ನು ಕೋಲಾರದ ಗೋರಿಯಿಂದ ತೆಗೆದು ಶ್ರೀರಂಗಪಟ್ಟಣದಲ್ಲಿ ಮತ್ತೆ ಮಣ್ಣು ಮಾಡಿದ ಘಟನೆ. ಬೆನ್ನುಫಣಿಯಿಂದ ನರಳುತ್ತಿದ್ದ ಹೈದರ್ 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿ ಸೇನಾಶಿಬಿರದಲ್ಲಿ ತೀರಿಕೊಂಡ. ಆಗ ಎರಡನೆಯ ಆಂಗ್ಲೋ–ಮೈಸೂರು ಯುದ್ಧ ನಡೆದಿತ್ತು. ಮಗ ಟಿಪ್ಪು ದೂರದ ಮಲಬಾರಿನಲ್ಲಿದ್ದ. ಸುದ್ದಿ ಹೊರಬಿದ್ದರೆ ದಂಡು ಚದುರುವುದೆಂದು ಹೈದರನ ಅಧಿಕಾರಿಗಳಾದ ಪೂರ್ಣಯ್ಯ, ಕೃಷ್ಣರಾವ್ ಮೊದಲಾದವರು ಸಾವನ್ನು ಮುಚ್ಚಿಟ್ಟರು. ಸುಗಂಧದ್ರವ್ಯ ತುಂಬಿದ ದೊಡ್ಡ ಪೆಟ್ಟಿಗೆಯಲ್ಲಿ ಶವವನ್ನಿರಿಸಿ, ಖಜಾನೆ ಸಾಗಿಸುವವರಂತೆ ಕಾವಲಿನೊಡನೆ ಕಳುಹಿಸಿದರು. ಈ ಉಪಾಯ ಫಲಿಸಿತು. ಟಿಪ್ಪು ಬಂದು ಅಧಿಕಾರ ವಹಿಸಿಕೊಳ್ಳುವವರೆಗೂ ಸೇನೆ ಒಡೆಯಲಿಲ್ಲ. ಕೋಲಾರದಲ್ಲಿ ತಂದೆ ಫತೇ ಮುಹಮ್ಮದನ ಸಮಾಧಿಯಲ್ಲಿ ದೇಹವನ್ನು ತಾತ್ಕಾಲಿಕವಾಗಿ ಹೂಳಲಾಯಿತು.

ಬಳಿಕ ಟಿಪ್ಪುವಿನ ಆಜ್ಞೆಯಂತೆ ಅದನ್ನು ಶ್ರೀರಂಗಪಟ್ಟಣದ ಗಂಜಾಂ ಲಾಲ್‌ಬಾಗಿಗೆ ತರಲಾಯಿತು. ಅಲ್ಲಿ ಅವನು ಕಟ್ಟಿಸಿದ ಗುಂಬಜ್ 1784ರ ಹೊತ್ತಿಗೆ ಸಿದ್ಧವಾಯಿತು. ನುಣುಪಾದ ಕರಿಕಲ್ಲಿನ ಕಂಬಗಳ ಸುತ್ತುಜಗಲಿ, ಒಳಗೋಡೆಯ ಮೇಲೆ ಹುಲಿಪಟ್ಟೆಯ ಬಣ್ಣ. ದಂತದ ಕುಸುರಿಯುಳ್ಳ ಬಾಗಿಲುಗಳು ಮಾತ್ರ ಮುಂದೆ ಗವರ್ನರ್ ಜನರಲ್ ಡಾಲ್‌ಹೌಸಿ ಕೊಡಿಸಿದವು. ನಡುವೆ ಹೈದರ್, ಪಕ್ಕದಲ್ಲಿ ಪತ್ನಿ ಫಕ್ರುನ್ನಿಸಾ. 1799ರ ಮೇ 5ರಂದು ಟಿಪ್ಪುವನ್ನೂ ಇಲ್ಲಿಯೇ ಹೂಳಲಾಯಿತು.

ಹೀಗೆಯೇ ಮತ್ತೆ ಮಣ್ಣಾದ ಇಂಗ್ಲೆಂಡಿನ ದೊರೆ ಮೂರನೆಯ ರಿಚರ್ಡನ ಪ್ರಸಂಗ ಬೇರೆಯದು. 1485ರಲ್ಲಿ ರಣದಲ್ಲಿ ಮಡಿದ ಅವನ ಗೋರಿಯ ಗುರುತೇ ಅಳಿಸಿಹೋಗಿತ್ತು. 2012ರಲ್ಲಿ ಲೆಸ್ಟರ್‌ನ ವಾಹನ ನಿಲ್ದಾಣದ ಅಡಿಯಲ್ಲಿ ಸಿಕ್ಕ ಮೂಳೆಗಳನ್ನು ಡಿಎನ್‌ಎ ಪರೀಕ್ಷೆ ಮೊದಲಾದವುಗಳಿಂದ ಗುರುತಿಸಿ, 2015ರ ಮಾರ್ಚ್ 26ರಂದು ಅಲ್ಲಿನ ಕೆಥೆಡ್ರಲ್‌ನಲ್ಲಿ ಹೂಳಿದರು.