ಹಿಸ್ಸೆ

ಅರಬ್ಬಿಯಲ್ಲಿ ಹುಟ್ಟಿ ಪಾರಸಿಯ ದಾರಿಯಾಗಿ ಕನ್ನಡದ ಕಂದಾಯ ಕಡತಕ್ಕೆ ಬಂದ ಪದ. ಅರ್ಥ, ಪಾಲು. ಮಲೆನಾಡಿನಲ್ಲಿ ಅಣ್ಣತಮ್ಮಂದಿರು ಬೇರೆಯಾದರೆ ‘ಹಿಸೆಯಾಯಿತು’ ಎನ್ನುತ್ತಾರೆ. ಪಹಣಿಯಲ್ಲಿ 72/2 ಎಂದಿದ್ದರೆ ಗೀಟಿನಾಚೆಯ 2 ಹಿಸ್ಸಾ ನಂಬರು.

ನಾಲ್ವರು ಗೆಳೆಯರು ದುಡ್ಡು ಕೂಡಿಸಿ ಜಮೀನು ಕೊಂಡಾಗ ತಕರಾರು ಹುಟ್ಟುವುದು ಈ ಪದದ ಎರಡು ಅರ್ಥಗಳ ನಡುವೆ: ಕಾಗದದ ಮೇಲಿನ ಪಾಲು, ನೆಲದ ಮೇಲಿನ ತುಂಡು. ಜಂಟಿ ಖಾತೆಯಲ್ಲಿ ಎಲ್ಲರ ಹೆಸರಿದ್ದರೂ ಅದು ಕಾಗದದ ಹಿಸ್ಸೆ. ಬಾವಿಯ ಮೂಲೆ ಯಾರದು, ರಸ್ತೆಗೆ ತಾಗಿದ ಬದಿ ಯಾರದು ಎಂಬುದು ಪೋಡಿಯಾಗುವವರೆಗೆ, ಅಂದರೆ ಅಳತೆಯಾಗಿ ತುಂಡುಗಳು ಬೇರ್ಪಡುವವರೆಗೆ, ತೀರ್ಮಾನವಾಗದು. ಕೊಟ್ಟ ಹಣ ಹೆಚ್ಚುಕಡಿಮೆ ಇದ್ದರಂತೂ ಜಗಳ ಖಚಿತ. ಬೇರೆ ಒಪ್ಪಂದವಿಲ್ಲದಿದ್ದರೆ ಹಾಕಿದ ಹಣದ ಪ್ರಮಾಣದಲ್ಲೇ ಹಕ್ಕು, ಪುರಾವೆಯಿಲ್ಲದಿದ್ದರೆ ಸಮಪಾಲೆಂಬ ಊಹೆ ಎನ್ನುತ್ತದೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 45ನೇ ಕಲಮು. ಹೆಚ್ಚು ಕೊಟ್ಟವನು ರಸೀದಿ ಇಟ್ಟಿರಬೇಕು, ಅಷ್ಟೆ. ಗೆಳೆತನದಲ್ಲಿ ರಸೀದಿ ಕೇಳುವವರು ಯಾರು!

ಕ್ರಯಪತ್ರ ಒಬ್ಬನ ಹೆಸರಿಗೇ ಆಗಿದ್ದರೆ ಪಾಡು ಇನ್ನೂ ಕಷ್ಟ. 1988ರ ಬೇನಾಮಿ ಕಾಯ್ದೆ ಅಡ್ಡಬಂದು, ಉಳಿದವರು ಹಿಸ್ಸೇದಾರರೆಂದು ದಾವೆ ಹೂಡುವ ಬಾಗಿಲೇ ಮುಚ್ಚಿಹೋಗಬಹುದು.